ಗಾಳಿ ಬರೋ ಮುಂಚೆ ಮರದ ಬುಡ ನೋಡಿ



ಯುಗಾದಿ ಕಳೆದರೆ ಅಶ್ವಿನಿ, ಅದರ ಬೆನ್ನಿಗೇ ಭರಣಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಈ ಮಳೆಗಳು ಏನು ತರುತ್ತವೆ ಅಂತ ಹೇಳಿಕೊಡಬೇಕಾಗಿಲ್ಲ. ನೀರು ಒಂದು ಪಾಲು, ಗಾಳಿ ಮೂರು ಪಾಲು. ಗೊನೆ ಬಿಟ್ಟ ಬಾಳೆ ಒಂದೇ ಸಂಜೆಯಲ್ಲಿ ನೆಲ ಕಚ್ಚುತ್ತದೆ, ಮಾರನೇ ದಿನ ಫೋಟೋ ಹಿಡಿಯುವವರು ಬರುತ್ತಾರೆ, ಎಕರೆ ಲೆಕ್ಕ ಬರೆದುಕೊಳ್ಳುವವರು ಬರುತ್ತಾರೆ. ಬಾಳೆಯ ಗೋಳು ಪ್ರತಿ ವರ್ಷ ಬರೆಯುವುದು ಇದ್ದೇ ಇದೆ. ಈ ಸಾರಿ ನಾವು ಕೇಳಬೇಕೆಂದಿರುವುದು ಹಟ್ಟಿ ಪಕ್ಕದ ತೆಂಗಿನ ಮರದ ವಿಷಯ, ಕೊಟ್ಟಿಗೆ ಹಿಂದಿನ ಹುಣಸೆ ಮರದ ವಿಷಯ, ಶಾಲೆ ಅಂಗಳದ ಕತ್ತಿಕಾಯಿ ಮರದ ವಿಷಯ.

ಚಂದಕವಾಡಿ ಹೋಬಳಿಯ ಯಾವ ಊರಿನ ಬೀದಿಗಾದರೂ ಹೋಗಿ ನೋಡಿ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಅಜ್ಜ ನೆಟ್ಟ ಒಂದು ತೆಂಗು ಇರುತ್ತದೆ. ಅವನು ನೆಟ್ಟಾಗ ಮನೆ ಅಷ್ಟು ದೂರ ಇತ್ತು. ಆಮೇಲೆ ಅಣ್ಣತಮ್ಮಂದಿರ ಪಾಲಾಯಿತು, ಒಬ್ಬ ಒಂದು ಕೋಣೆ ಇಳಿಸಿದ, ಇನ್ನೊಬ್ಬ ಶೀಟಿನ ಸೂರು ಹಾಕಿದ. ಮರ ಇದ್ದಲ್ಲೇ ಇದೆ, ಮನೆಯೇ ನಡೆದುಕೊಂಡು ಅದರ ಕೆಳಗೆ ಬಂದಿದೆ. ಆ ಸೂರಿಗೆ ಸೊಸೈಟಿ ಸಾಲವೋ, ಸಂಘದ ಸಾಲವೋ, ವಾರದ ಕಂತಿನ ಸಾಲವೋ ಇನ್ನೂ ಬಾಕಿ ಇರುತ್ತದೆ. ಮರ ಬಿದ್ದ ರಾತ್ರಿ ಒಳಗೆ ಮಲಗಿದ್ದವರು ಉಳಿದುಕೊಂಡರೂ, ಮುರಿದ ಶೀಟಿನ ಕಂತು ತೀರುವ ಮೊದಲೇ ಹೊಸ ಶೀಟಿಗೆ ಸಾಲ ಎತ್ತಬೇಕು. ನಮ್ಮ ಸಾಲದ ಪಟ್ಟಿಯಲ್ಲಿ ಗೊಬ್ಬರ, ಬೋರ್‌ವೆಲ್, ಮದುವೆ, ಆಸ್ಪತ್ರೆ ಎಲ್ಲ ಬರೆಯುತ್ತೇವೆ. ಬಿದ್ದ ಮರವನ್ನು ಯಾರೂ ಬರೆಯುವುದಿಲ್ಲ.

ಮರ ಕಾಯಿಲೆ ಬಿದ್ದಿದೆಯೋ ಇಲ್ಲವೋ ಅಂತ ನೋಡಲು ನಾವು ತಲೆ ಎತ್ತಿ ಎಲೆ ನೋಡುತ್ತೇವೆ. ಇಲ್ಲೇ ಮೋಸ ಹೋಗುವುದು. ಬೇವಿನ ಮರವನ್ನೇ ತಗೊಳ್ಳಿ. ಮುಂಗಾರು ಕಾಲಿಟ್ಟ ಮೇಲೆ ಎಷ್ಟೋ ಬೇವಿನ ಮರಗಳ ಕೊಂಬೆ ತುದಿಗಳು ಬೆಂಕಿ ಬಡಿದಂತೆ ಒಣಗುತ್ತವೆ. ಅದು ಒಂದು ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ಮೈಸೂರು ಸೀಮೆಯಲ್ಲೂ ಇದೆ, ತೆಲಂಗಾಣದಲ್ಲಿ 2021ರ ಸುಮಾರಿಗೆ ಊರೂರ ಬೇವು ಹೀಗೇ ಕಂದಿ ಜನ ಗಾಬರಿಯಾಗಿದ್ದರು. ನೋಡಿದವರು 'ಮರ ಸತ್ತೇ ಹೋಯ್ತು, ಕಡಿದು ಹಾಕಿ' ಅಂತಾರೆ. ಬೀಜದ ಫಸಲು ಹೋಗುವುದು ನಿಜ. ಆದರೆ ಅಂಥ ಬಹಳಷ್ಟು ಮರಗಳು ಮತ್ತೆ ಚಿಗುರುತ್ತವೆ, ಬುಡ ಗಟ್ಟಿಯಾಗೇ ಇರುತ್ತದೆ. ಒಣಗಿದ ಕೊಂಬೆ ಸವರಿ ಸುಟ್ಟು ಹಾಕಿ ಒಂದೆರಡು ವರ್ಷ ಕಾಯುವ ಮರ ಅದು. ಅದರ ಪಕ್ಕದಲ್ಲೇ ಹಸಿರಾಗಿ, ಗೊನೆ ತೂಗಿಕೊಂಡು ನಿಂತಿರುವ ತೆಂಗು ಇದೆಯಲ್ಲ, ಅದರ ಬುಡದಲ್ಲಿ ಕೆಂಪು ರಸ ಸೋರುತ್ತಿದ್ದರೆ ಮೊದಲು ಹೆದರಬೇಕಾದ್ದು ಅದಕ್ಕೆ.

ಅದು ಅಣಬೆ ರೋಗ. ತಮಿಳುನಾಡಿನ ತಂಜಾವೂರು ಕಡೆ 1952ರಲ್ಲಿ ಇದು ಜೋರಾಗಿ ಕಂಡದ್ದರಿಂದ ತಂಜಾವೂರು ರೋಗ ಅಂತಲೂ ಕರೆಯುತ್ತಾರೆ. ಮಣ್ಣಿನಲ್ಲಿ ಬದುಕುವ ಶಿಲೀಂಧ್ರ ಬೇರು ತಿಂದು ಬುಡಕ್ಕೆ ಏರುತ್ತದೆ. ಕಂದು ಬಣ್ಣದ ಅಂಟು ರಸ ಬುಡದಿಂದ ಶುರುವಾಗಿ ಮೇಲೆ ಮೇಲೆ ಹತ್ತುತ್ತದೆ, ಹೊರಗಿನ ಗರಿಗಳು ಜೋತು ಬೀಳುತ್ತವೆ, ಕಡೆಗೆ ಬುಡದಲ್ಲಿ ಗಟ್ಟಿ ಅಣಬೆ ಮೂಡುತ್ತದೆ. ಅಣಬೆ ಕಂಡ ಹೊತ್ತಿಗೆ ಕೆಳಗಿನ ಬೇರು ಬಹುಪಾಲು ಕೊಳೆತಿರುತ್ತದೆ. ರಸ ಸೋರುವುದು ಈಗಷ್ಟೇ ಶುರುವಾಗಿದ್ದರೆ ಉಳಿಸಲು ನೋಡಬಹುದು: ಬುಡದ ಸುತ್ತ ಐದಾರು ಅಡಿ ಬಿಟ್ಟು ಎರಡು ಮೂರು ಅಡಿ ಆಳದ ಕಾಲುವೆ ತೆಗೆದು ಪಕ್ಕದ ಮರಕ್ಕೆ ಹರಡದಂತೆ ತಡೆಯುವುದು, ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮ ಬೆರೆಸಿ ಕೊಡುವುದು, ಶೇಕಡ ಒಂದರ ಬೋರ್ಡೋ ದ್ರಾವಣವನ್ನು 40 ಲೀಟರಿನಷ್ಟು ಬುಡಕ್ಕೆ ಹುಯ್ಯುವುದು. ಹಿಂಡಿ ಕೊಟ್ಟ ಕಾಲಕ್ಕೇ ಬೋರ್ಡೋ ಹುಯ್ಯಬೇಡಿ, ಮೈಲುತುತ್ತ ಟ್ರೈಕೋಡರ್ಮವನ್ನೂ ಕೊಲ್ಲುತ್ತದೆ, ನಡುವೆ ಸಾಕಷ್ಟು ದಿನ ಬಿಡಿ. ಇದೆಲ್ಲ ತೋಟದ ಮರಕ್ಕೆ ಸರಿ. ಮಕ್ಕಳು ಮಲಗುವ ಕೋಣೆಯ ಮೇಲೆ ವಾಲಿರುವ ಮರದ ಬುಡದಲ್ಲಿ ಅಣಬೆ ಎದ್ದಿದ್ದರೆ ಚಿಕಿತ್ಸೆ ಮಾತು ಬಿಟ್ಟುಬಿಡಿ. ಅದನ್ನು ಇಳಿಸಲೇಬೇಕು.

ಇಲ್ಲಿ ನಿಮ್ಮ ಕಷ್ಟ ನಮಗೆ ಗೊತ್ತು. 2025ರಲ್ಲಿ ತೆಂಗಿನಕಾಯಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಕಾಯಿ ಕೊಡುತ್ತಿರುವ ಮರವನ್ನು ಅಂಥ ಕಾಲದಲ್ಲಿ ಕಡಿ ಅಂದರೆ ಯಾರ ಕೈ ಬರುತ್ತದೆ? 'ಈ ಒಂದು ಬೆಳೆ ಇಳಿಸ್ಕೊಂಬುಡ್ತೀನಿ, ಆಮೇಲೆ ನೋಡುವ' ಅಂತೀರಿ. ರೋಗ ಹಿಡಿದ ಮರ ಎಷ್ಟು ಕಾಯಿ ಕೊಟ್ಟೀತು, ಒಂದು ಸೂರು ಮತ್ತೆ ಕಟ್ಟಲು ಎಷ್ಟಾದೀತು, ಎರಡನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿ. ಕೂಡಿ ಕಳೆಯಲು ನಿಮಗೆ ಯಾವ ಅಧಿಕಾರಿಯೂ ಬೇಕಿಲ್ಲ.

ಇನ್ನೊಂದು ಶತ್ರು ಕೆಂಪು ಮೂತಿ ಹುಳು. ಕಾಂಡದಲ್ಲಿ ಸಣ್ಣ ತೂತು, ಅದರಿಂದ ಅಗಿದ ನಾರಿನ ಹೊಟ್ಟು, ಕಂದು ರಸ. ಕಿವಿ ಇಟ್ಟು ಕೇಳಿದರೆ ಒಳಗೆ ಮರಿಹುಳು ಕರಕರ ಅಗಿಯುವ ಸದ್ದು. ಸುಳಿ ಹಸಿರಾಗಿದ್ದಂತೆಯೇ ಒಂದು ದಿನ ತಲೆಯೇ ಮುರಿದು ಬೀಳುತ್ತದೆ. ಈ ಹುಳು ಗಾಯದ ವಾಸನೆ ಹಿಡಿದು ಬರುವಂಥದ್ದು. ಹತ್ತಲು ಮಚ್ಚಿನಿಂದ ಮೆಟ್ಟಿಲು ಕಡಿಯುತ್ತೇವೆ, ತಂತಿ ಕಟ್ಟಲು ಮೊಳೆ ಹೊಡೆಯುತ್ತೇವೆ, ಹಸಿ ಗರಿಯನ್ನು ಕಾಂಡಕ್ಕೆ ಅಂಟಿದಂತೆ ಕತ್ತರಿಸುತ್ತೇವೆ, ಅಂದರೆ ನಾವೇ ಬಾಗಿಲು ತೆಗೆದುಕೊಟ್ಟ ಹಾಗೆ. ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ ಮೂರು ನಾಲ್ಕು ಅಡಿ ಬಿಟ್ಟು ಕಡಿಯಿರಿ. ಹುಳು ಹಿಡಿದ ಮರ ಕಡಿಸಿದ ಮೇಲೆ ಆ ತುಂಡುಗಳನ್ನು ಜಗುಲಿ ಮುಂದೆ ಕೂರಲು ಅಂತ ಹಾಕಿಕೊಳ್ಳುವವರಿದ್ದಾರೆ. ಒಳಗಿನ ಮರಿ ಅಲ್ಲೇ ಬೆಳೆದು ಹಾರಿ ಉಳಿದ ಮರಗಳಿಗೆ ಹೋಗುತ್ತದೆ. ಸೀಳಿ ಸುಡಬೇಕು.

ಹುಣಸೆ, ಹೊಂಗೆ, ಅರಳಿ, ಆಲದ ವಿಷಯ ಬೇರೆ. ಪೊಟರೆ ಬಿದ್ದ ಮರವೆಲ್ಲ ಬೀಳುವುದಿಲ್ಲ. ಸುತ್ತಲಿನ ಗಟ್ಟಿ ಮರದ ದಪ್ಪ ಕಾಂಡದ ನಡುವಿನಿಂದ ಅಂಚಿನವರೆಗಿನ ಅಳತೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ತಡೆಯುತ್ತದೆ ಅಂತ ಮರದ ಬಲ ಅಳೆಯುವವರ ಒಂದು ಲೆಕ್ಕ. ಕೊಡಲಿಯ ಹಿಂಬದಿಯಿಂದ ಸುತ್ತಲೂ ಬಡಿದು ನೋಡಿ, ಗಟ್ಟಿ ಎಲ್ಲಿ, ಟೊಳ್ಳು ಎಲ್ಲಿ ಅಂತ ಸದ್ದೇ ಹೇಳುತ್ತದೆ. ಹುಟ್ಟಿನಿಂದ ವಾಲಿ ಬೆಳೆದ ಮರಕ್ಕೆ ಅದಕ್ಕೆ ತಕ್ಕ ಬೇರು ಇರುತ್ತದೆ. ಹೋದ ವರ್ಷ ನೆಟ್ಟಗಿದ್ದು ಈ ವರ್ಷ ವಾಲಿದ್ದರೆ, ಎದುರು ಬದಿಯಲ್ಲಿ ಮಣ್ಣು ಬಿರುಕು ಬಿಟ್ಟು ಉಬ್ಬಿದ್ದರೆ, ಆ ಮರದ ಕೆಳಗೆ ದನ ಕೂಡ ಕಟ್ಟಬೇಡಿ. ಎರಡು ಕವಲು ಕೂಡುವ ಸಂದಿಯಲ್ಲಿ ಸೀಳು ಕಂಡರೂ ಅಷ್ಟೆ. ಆಡಿಗೆ ಸೊಪ್ಪು ಅಂತ ವರ್ಷವರ್ಷ ಬೋಳಿಸಿದ ಮರಗಳಲ್ಲಿ ಮತ್ತೆ ಬಂದ ಕೊಂಬೆಗಳಿಗೆ ಹಿಡಿತ ಕಡಿಮೆ, ಅವೇ ಮೊದಲು ಕಿತ್ತು ಬರುವುದು.

ಎಲ್ಲಕ್ಕಿಂತ ಹೆಚ್ಚಾಗಿ ಬೇರು ಕಡಿದದ್ದನ್ನು ನೆನಪಿಡಿ. ಊರಿಗೆ ಕಾಂಕ್ರೀಟು ರಸ್ತೆ ಬಂತು, ಚರಂಡಿ ಬಂತು, 2019ರಿಂದೀಚೆಗೆ ಜಲಜೀವನದ ಪೈಪಿಗೆ ಬೀದಿ ಅಗೆದರು, ಮನೆಯವರು ಶೌಚಾಲಯದ ಗುಂಡಿ ತೆಗೆದರು. ಎಲ್ಲವೂ ಬೇಕಾದ್ದೇ. ಆದರೆ ಮರದ ಬೇರಿನ ಹೆಚ್ಚು ಪಾಲು ಇರುವುದೇ ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿ. ಬೀದಿ ಕಡೆ ಬೇರು ಹೋದ ಮರಕ್ಕೆ ಆ ಕಡೆಯ ಹಗ್ಗ ಬಿಚ್ಚಿದ ಹಾಗೆ, ಬೀಳುವುದು ಮನೆ ಕಡೆಗೆ. ಅದೂ ಅಗೆದ ವರ್ಷವೇ ಬೀಳುವುದಿಲ್ಲ. ಎರಡು ಮೂರು ವರ್ಷ ಕಡಿದ ಬೇರು ಕೊಳೆತು ಆಮೇಲೆ ಬೀಳುತ್ತದೆ. ಅಷ್ಟರಲ್ಲಿ ಗುತ್ತಿಗೆದಾರ ಬಿಲ್ಲು ತಗೊಂಡು ಮುಂದಿನ ಊರಿಗೆ ಹೋಗಿರುತ್ತಾನೆ, ನಾವು ಗಾಳಿಯನ್ನು ಬೈಯುತ್ತೇವೆ. ನಿಮ್ಮ ಬೀದಿಯಲ್ಲಿ ಅಗೆತ ನಡೆಯುವಾಗಲೇ ನಿಂತು ಕೇಳಿ, ಪಂಚಾಯಿತಿಗೆ ಬರೆದುಕೊಡಿ.

ಸರಿ, ಕಡಿಯಬೇಕು ಅಂತಾಯಿತು. ಆಗ ಎಲ್ಲರೂ ಹೇಳುವ ಮಾತು 'ಫಾರೆಸ್ಟ್‌ನೋರು ಬುಡಲ್ಲ' ಅಂತ. ಕಾನೂನು ಏನು ಹೇಳುತ್ತದೆ ತಿಳಿದುಕೊಳ್ಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ನಿಜ. ಆದರೆ ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಇವಕ್ಕೆ ಆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಉಳಿದ ಮರಗಳಲ್ಲೂ ಸತ್ತ ಮರ, ರೋಗದ ಮರ, ಗಾಳಿಗೆ ಉರುಳಿದ ಮರ, ಪ್ರಾಣಕ್ಕೆ ಆಸ್ತಿಗೆ ಅಪಾಯ ತರುವ ಮರ, ಸಿಡಿಲು ಬಡಿದು ಹಾಳಾದ ಮರ, ಇವಕ್ಕೆ ಅನುಮತಿ ನಿರಾಕರಿಸಬಾರದು ಅಂತ ಅದೇ ಕಾಯ್ದೆ ಬಿಡಿಸಿ ಹೇಳಿದೆ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ 'ಆಗಲ್ಲ' ಅಂತಾರೆ. ಅರ್ಜಿ ಬರೆಯಿರಿ: ಯಾವ ಮರ, ಯಾವ ಸರ್ವೆ ನಂಬರು, ಮನೆಯಿಂದ ಎಷ್ಟು ಅಡಿ, ರೋಗ ಏನು, ಎತ್ತ ವಾಲಿದೆ. ಫೋಟೋ ಅಂಟಿಸಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ. ಬದಲಿ ಸಸಿ ನೆಡುವ ಷರತ್ತು ಹಾಕುತ್ತಾರೆ, ಒಪ್ಪಿಕೊಳ್ಳಿ, ನ್ಯಾಯವಾದದ್ದೇ. ಗಂಧ, ಬೀಟೆ, ತೇಗಕ್ಕೆ ನಿಯಮ ಬೇರೆ. ಗಂಧದ ಮರ ಜಮೀನಿನವನದೇ ಅಂತ 2001ರಲ್ಲಿ ತಿದ್ದುಪಡಿಯಾಗಿದ್ದರೂ ಇಲಾಖೆಗೆ ತಿಳಿಸದೆ ಕೊಡಲಿ ಮುಟ್ಟಬೇಡಿ.

ಮರ ನಿಮ್ಮದಲ್ಲ, ಪಕ್ಕದವನದು, ಹೇಳಿದರೆ ಕೇಳುವುದಿಲ್ಲ ಅಂದರೆ? ಬದುವಿನ ಮರಕ್ಕೆ ಎರಡು ತಲೆಮಾರು ಕೋರ್ಟು ಅಲೆದವರು ನಮ್ಮಲ್ಲಿ ಕಡಿಮೆಯಿಲ್ಲ. ಸಿವಿಲ್ ದಾವೆಗೆ ಹೋಗುವ ಮೊದಲು ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಬಿದ್ದು ಜನರಿಗೆ ಪೆಟ್ಟಾಗುವ ಸ್ಥಿತಿಯಲ್ಲಿರುವ ಮರವನ್ನು ತೆಗೆಸಲು ಅಥವಾ ಆಸರೆ ಕೊಡಿಸಲು ಆದೇಶಿಸುವ ಅಧಿಕಾರ ಅವರಿಗಿದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಈ ಕಲಮು ಇದೆ ಅಂತ ನಮಗೆ ಹೇಳುವವರೇ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ತೆಂಗು ಅಭಿವೃದ್ಧಿ ಮಂಡಳಿ 2009-10ರಲ್ಲಿ ತೆಂಗಿನ ಮರಕ್ಕೆ ವಿಮೆ ತಂದಿತು. 16ರಿಂದ 60 ವರ್ಷದ ಮರ ಸತ್ತರೆ ಮೊದಲು 1150 ರೂಪಾಯಿ, ಆಮೇಲೆ ಅದನ್ನು 1750ಕ್ಕೆ ಏರಿಸಿದರು. ಒಂದೇ ಕಡೆ ಐದು ಮರವಾದರೂ ಇರಬೇಕು, 60 ದಾಟಿರಬಾರದು. ಅಂದರೆ ಅಜ್ಜ ನೆಟ್ಟ ಬಚ್ಚಲ ಮರ, ಬೀಳುವ ಭಯ ಎಲ್ಲಕ್ಕಿಂತ ಹೆಚ್ಚಿರುವ ಮರ, ಲೆಕ್ಕದಿಂದಲೇ ಹೊರಗೆ! ರೋಗದ ಮರ ತೆಗೆಸಿ ಮರುನಾಟಿ ಮಾಡುವ ಇನ್ನೊಂದು ಯೋಜನೆಯಲ್ಲಿ ಮರಕ್ಕೆ 1000 ರೂಪಾಯಿಯಂತೆ ಹೆಕ್ಟೇರಿಗೆ 32 ಮರದವರೆಗೆ ಸಹಾಯ ಇಟ್ಟರು. ಅದೂ ತೋಟದ ಲೆಕ್ಕ. ಮನೆ ಪಕ್ಕದ ಒಂಟಿ ಮರ ಇಳಿಸಲು ಹಗ್ಗ, ಆಳು, ಕೆಲವು ಕಡೆ ಕ್ರೇನು ಬೇಕು, ತೋಟದ ಮರಕ್ಕಿಂತ ಖರ್ಚು ಜಾಸ್ತಿ. ರೈತರ ಸಂಘಟನೆಗಳು ಕೇಳಬೇಕಾದ್ದು ಇದು: ಮನೆಗೆ, ಶಾಲೆಗೆ, ಅಂಗನವಾಡಿಗೆ ಅಪಾಯ ತರುವ ಮರ ಇಳಿಸುವ ಖರ್ಚನ್ನು ಪಂಚಾಯಿತಿ ಭರಿಸಲಿ. ಮನೆ ಮುರಿದ ಮೇಲೆ ಪರಿಹಾರ ಕೊಡುವುದಕ್ಕಿಂತ ಸರ್ಕಾರಕ್ಕೂ ಇದು ಅಗ್ಗ.

ಮರದ ವ್ಯಾಪಾರಿ ಬಂದು 'ರೋಗದ ಮರ, ಸೌದೆ ಲೆಕ್ಕಕ್ಕೂ ಬರಲ್ಲ, ಕಡಿದ ಕೂಲಿಗೆ ಸರಿಹೋಯ್ತು' ಅಂತಾನೆ. ತುದಿ ಒಣಗಿದ ಬೇವಿನ ಕಾಂಡ ಬಾಗಿಲು ಚೌಕಟ್ಟಿಗೆ ಆಗುತ್ತದೆ, ಹಳೇ ತೆಂಗಿನ ಕೆಳಭಾಗ ಕೊಳೆಯದೆ ಇದ್ದರೆ ತೊಲೆಗೆ ಆಗುತ್ತದೆ. ಇಬ್ಬರು ಮೂವರನ್ನು ಕರೆದು ಕೇಳದೆ ಮಾತು ಕೊಡಬೇಡಿ. ಕಡಿಯುವವರಿಗೆ ತುದಿಯಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸಲು ಹೇಳಿ. ಪಕ್ಕದಲ್ಲಿ ತಂತಿ ಹಾದಿದ್ದರೆ ಸೆಸ್ಕಿನ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸದೆ ಮರ ಹತ್ತಿಸಬೇಡಿ. ಕೂಲಿಗೆ ಬಂದವನೂ ಒಬ್ಬರ ಮನೆಯ ಮಗ.

ಬದಲಿ ಸಸಿ ಗೋಡೆಯಿಂದ 25-30 ಅಡಿಯಾದರೂ ದೂರವಿರಲಿ. ಅಣಬೆ ರೋಗದ ಬುಡವನ್ನು ಬೇರು ಸಮೇತ ಕಿತ್ತು ಸುಟ್ಟು, ಅದೇ ಗುಂಡಿಗೆ ಮತ್ತೆ ತೆಂಗು ಇಡದೆ ಬಿಡಿ. ಯಾವ ಮರ ನೆಡಬೇಕು ಅನ್ನುವುದು ನಿಮಗೆ ಬಿಟ್ಟದ್ದು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆ ನರ್ಸರಿಯ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವು ಹಾಕಿದ್ದು ಹಳಬರಿಗೆ ನೆನಪಿರಬಹುದು. ಶಾಲೆ ಅಂಗಳಕ್ಕಂತೂ ಕತ್ತಿಕಾಯಿ ಬೇಡ, ಬೇಗ ಬೆಳೆಯುತ್ತದೆ, ಬೇಗ ಮುರಿಯುತ್ತದೆ.

ಶಾಲೆ ಮರದ ಅರ್ಜಿ ಮಾತ್ರ ಈ ವಾರವೇ ಹೋಗಬೇಕು. ಅದು ಸರ್ಕಾರಿ ಮರ, ಇಲಾಖೆಯವರು ಬಂದು ಬೆಲೆ ಕಟ್ಟಬೇಕು, ಹರಾಜಾಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಖ್ಯೋಪಾಧ್ಯಾಯರೊಬ್ಬರೇ ಬರೆದರೆ ಕಡತದಲ್ಲಿ ಕೂರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿ, ಪಂಚಾಯಿತಿಯಿಂದಲೂ ಒಂದು ಕಾಗದ ಹಾಕಿಸಿ, ನಾಲ್ಕು ಜನ ಹೋಗಿ ಕೊಟ್ಟು ಬನ್ನಿ. ಮಕ್ಕಳಿಗೆ ರಜೆ ಇರುವಾಗಲೇ, ಜೂನಿಗೆ ಮೊದಲೇ, ಮರ ಇಳಿಯಬೇಕು.