ಅಲಗು, ಹಿಡಿ, ಒರೆ

"ಕಾಲೇಜಿನಲ್ಲಿ ಓದುತ್ತಿರುವ ಮಗ ಗೆಳೆಯರೊಡನೆ ಮಲೆನಾಡಿಗೆ ಹೋಗಿ ಮೂರು ದಿನ ಗುಡಾರ ಹಾಕಿಕೊಂಡು ಇರುವನಂತೆ. ಅದಕ್ಕೊಂದು ಚಾಕು ಬೇಕಂತೆ. ಅದೂ ಮಡಚುವ ಚಾಕುವಲ್ಲ. ಅಂಗಡಿಗೆ ಹೋಗಿ ನೋಡಿದೆ. ಕೆಲವನ್ನು ಕಂಡು ಭಯವಾಯಿತು, ಕೆಲವುಗಳ ಬೆಲೆ ಕೇಳಿ ಇನ್ನೂ ಹೆಚ್ಚು ಭಯವಾಯಿತು. ಕೊಡಿಸಲೇ, ಬೇಡವೇ? ಕೊಡಿಸುವುದಾದರೆ ಎಂಥದು?" ಎಂದು ಬೆಂಗಳೂರಿನ ಗೃಹಸ್ಥರೊಬ್ಬರು ಕೇಳಿದ್ದಾರೆ.

ಕನ್ನಡ ಪಾಠ ಹೇಳುವವನಿಗೆ ಚಾಕುವಿನ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಿಯಾರು. ಆದರೆ 'ಉಕ್ಕು' ನಮ್ಮ ನುಡಿಯ ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ಆಂಗ್ಲ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗಾಗಿ ಬರೆದ ಪ್ರಬಂಧದಲ್ಲಿ ಭಾರತದ ಉತ್ತಮ ಉಕ್ಕನ್ನು 'ವೂಟ್ಜ್' ಎಂದು ಹೆಸರಿಸಿದ್ದಾನೆ. ಆ ವಿಚಿತ್ರ ಪದವು ನಮ್ಮ 'ಉಕ್ಕು' ಎಂಬುದೇ ಪರದೇಶಿಯರ ಬಾಯಲ್ಲಿ ಕೆಟ್ಟು ಆದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಉಕ್ಕಿಗೆ ಹೆಸರು ಕೊಟ್ಟ ನಾಡಿನವರು ಚಾಕುವನ್ನು ಅದರ ಥಳಕು ನೋಡಿ ಕೊಳ್ಳುವುದು ಶೋಭಿಸುವ ಮಾತಲ್ಲ.

ಮೊದಲಿಗೆ, ಮಡಚದ ಚಾಕುವೇ ಏಕೆ? ಮಡಚುವ ಚಾಕು ಜೇಬಿಗೆ ಅನುಕೂಲ. ಆದರೆ ಅಲಗು ಮತ್ತು ಹಿಡಿ ಕೂಡುವ ಕೀಲೇ ಅದರ ದೌರ್ಬಲ್ಯ. ಒತ್ತಿ ಕೆಲಸ ಮಾಡುವಾಗ ಕೀಲು ಸಡಿಲಿದರೆ ಅಲಗು ಬಂದು ಮುಚ್ಚಿಕೊಳ್ಳುವುದು ನಮ್ಮ ಬೆರಳುಗಳ ಮೇಲೆ. ಮಣ್ಣು, ಅನ್ನದ ಅಗುಳು, ಮಳೆಯ ನೀರು ಎಲ್ಲವೂ ಆ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ನಮ್ಮ ಅಜ್ಜಿಯರ ಈಳಿಗೆಮಣೆಯನ್ನು ನೆನೆಯಿರಿ. ಅದರಲ್ಲಿ ಕೀಲಿಲ್ಲ, ತಿರುಪಿಲ್ಲ. ಅಲಗು ಕದಲದೆ ನಿಂತಿರುತ್ತದೆ. ಆದುದರಿಂದಲೇ ಎರಡು ಮೂರು ತಲೆಮಾರು ಬಾಳುತ್ತದೆ. ಮಡಚದ ಚಾಕುವಿನ ಗುಟ್ಟೂ ಅಷ್ಟೇ.

ಇನ್ನು ಅಳತೆ. ಶಿಬಿರದಲ್ಲಿ ಚಾಕು ಮಾಡಬೇಕಾದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ: ಈರುಳ್ಳಿ, ಟೊಮ್ಯಾಟೊ ಹೆಚ್ಚುವುದು, ಹಗ್ಗ ಕತ್ತರಿಸುವುದು, ಗುಡಾರದ ಗೂಟದ ತುದಿ ಚೂಪು ಮಾಡುವುದು, ಒಲೆ ಹೊತ್ತಿಸಲು ಪುಳ್ಳೆಯಿಂದ ತೆಳ್ಳನೆಯ ಚಕ್ಕೆ ಎಬ್ಬಿಸುವುದು, ಪೊಟ್ಟಣ ಬಿಡಿಸುವುದು. ಈ ಪಟ್ಟಿಯಲ್ಲಿ ಹುಲಿಯೊಡನೆ ಹೋರಾಡುವ ಕಾರ್ಯಕ್ರಮವಿಲ್ಲ. ಇದಕ್ಕೆಲ್ಲ 4 ಅಂಗುಲ, ಎಂದರೆ ಸುಮಾರು 10 ಸೆಂಟಿಮೀಟರ್ ಉದ್ದದ ಅಲಗು ಧಾರಾಳವಾಗಿ ಸಾಕು. ಬೆನ್ನಿನ ದಪ್ಪ ಎರಡೂವರೆಯಿಂದ 3 ಮಿಲಿಮೀಟರ್ ಇದ್ದರೆ ಸರಿ. ದಪ್ಪ ಹೆಚ್ಚಿದಷ್ಟೂ ಗಟ್ಟಿ ಎಂಬುದು ನಿಜ. ಆದರೆ ದಪ್ಪ ಅಲಗು ಗಜ್ಜರಿಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಸೌದೆ ಒಡೆಯಬೇಕಾದರೆ ಅದಕ್ಕೆ ಮಚ್ಚಿದೆ, ಕೊಡಲಿಯಿದೆ. ಒಂದೇ ಚಾಕು ಕೊಡಲಿಯೂ ಗರಗಸವೂ ಹಾರೆಯೂ ಆಗಬೇಕೆಂದು ಬಯಸುವವನಿಗೆ ಕೊನೆಗೆ ಚಾಕುವೂ ದಕ್ಕುವುದಿಲ್ಲ.

ಅಂಗಡಿಯಲ್ಲಿ ಭಯ ಹುಟ್ಟಿಸಿದವು ಬಹುಶಃ ಬೆನ್ನಿನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿ, ಅದರೊಳಗೆ ದಿಕ್ಸೂಚಿ, ಸೂಜಿದಾರಗಳನ್ನು ತುಂಬಿಕೊಂಡ ಸಿನಿಮಾ ಶೈಲಿಯ ಚಾಕುಗಳಿರಬೇಕು. ಅವುಗಳಿಗೆ ಹೆದರಬೇಕಾದುದು ನಿಜವೇ. ಆದರೆ ಬೇರೆ ಕಾರಣಕ್ಕೆ. ಆ ಹಲ್ಲುಗಳು ಮರವನ್ನು ಕೊಯ್ಯುವುದಕ್ಕಿಂತ ಬೆನ್ನಿನ ಮೇಲೆ ಒತ್ತಿದ ಹೆಬ್ಬೆರಳನ್ನು ಗೀರುವುದೇ ಹೆಚ್ಚು. ಹಿಡಿ ಟೊಳ್ಳಾಗಿರುವುದರಿಂದ ಅಲಗಿನ ಬುಡ ಅದರೊಳಕ್ಕೆ ಆಳವಾಗಿ ಇಳಿದಿರುವುದಿಲ್ಲ. ಭಾರ ಬಿದ್ದಾಗ ಅಲಗು ಅಲ್ಲಿಯೇ ಕಳಚುತ್ತದೆ. ಒಳ್ಳೆಯ ಚಾಕುವಿನಲ್ಲಿ ಅಲಗಿನ ಉಕ್ಕು ಹಿಡಿಯೊಳಗೆ ಕಡೆಯ ಪಕ್ಷ ಅರ್ಧಕ್ಕಿಂತ ಹೆಚ್ಚು ದೂರ ಹೋಗಿರಬೇಕು. ತುದಿಯವರೆಗೂ ಹೋಗಿದ್ದರೆ ಇನ್ನೂ ಮೇಲು. ಕೊಳ್ಳುವ ಮುನ್ನ ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡನೆಯ ಪ್ರಶ್ನೆ ಉಕ್ಕಿನದು. ಕಬ್ಬಿಣದಲ್ಲಿ ಇಂಗಾಲ ಬೆರೆತಾಗ ಉಕ್ಕಾಗುತ್ತದೆ. ಆ ಇಂಗಾಲ ನೂರಕ್ಕೆ ಅರ್ಧ ಭಾಗದಿಂದ ಒಂದು ಭಾಗದವರೆಗೆ ಇದ್ದರೆ ಅಲಗು ಹದಕ್ಕೆ ಬರುತ್ತದೆ. ತೀರ ಕಡಿಮೆಯಿದ್ದರೆ ಎಷ್ಟು ಕಾಯಿಸಿ ಬಡಿದರೂ ಮೆದುವಾಗಿಯೇ ಉಳಿಯುತ್ತದೆ. ಹದಗೊಳಿಸುವುದೆಂದರೆ ಎರಡು ಹಂತದ ಕೆಲಸ. ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದಾಗ ಅದು ಬಹಳ ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಸ್ವಭಾವ ಬರುತ್ತದೆ. ಬಳಿಕ ಅದನ್ನೇ ಸುಮಾರು 200 ಡಿಗ್ರಿಯಲ್ಲಿ ಮತ್ತೆ ಮೆಲ್ಲಗೆ ಕಾಯಿಸಿದರೆ ಗಡುಸು ಸ್ವಲ್ಪ ತಗ್ಗಿ ಬಾಳಿಕೆ ಕೂಡಿಕೊಳ್ಳುತ್ತದೆ. ಒಂದು ಚಾಕುವಿಗೂ ಇನ್ನೊಂದಕ್ಕೂ ಇರುವ ನಿಜವಾದ ಅಂತರ ಇಲ್ಲಿದೆ. ಇದು ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದಲೇ, ಉಕ್ಕಿನ ಜಾತಿಯನ್ನಾಗಲಿ ಗಡುಸನ್ನಾಗಲಿ ಎಲ್ಲಿಯೂ ತಿಳಿಸದೆ ಬರಿಯ ಹೊಳಪನ್ನು ಮಾರುವ ಚಾಕುವನ್ನು ಬಿಟ್ಟುಬಿಡುವುದು ಲೇಸು. ಗಡುಸನ್ನು ರಾಕ್‌ವೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಶಿಬಿರದ ಚಾಕುವಿಗೆ 56ರಿಂದ 60ರ ಒಳಗಿನ ಅಂಕ ಒಪ್ಪುತ್ತದೆ.

ತುಕ್ಕು ಹಿಡಿಯದ ಉಕ್ಕು ಒಳ್ಳೆಯದೋ, ಸಾದಾ ಇಂಗಾಲದ ಉಕ್ಕು ಒಳ್ಳೆಯದೋ ಎಂಬುದು ಹಳೆಯ ಜಗಳ. ಸಾದಾ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ. ಆದರೆ ನಿಂಬೆಹಣ್ಣು ಕೊಯ್ದರೆ, ಬಾಳೆಕಾಯಿ ಹೆಚ್ಚಿದರೆ ಈಳಿಗೆಯಂತೆ ಕಪ್ಪಾಗುತ್ತದೆ, ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಒರಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಡುವ ಅಭ್ಯಾಸವುಳ್ಳವರಿಗೆ ಅದೇ ಉತ್ತಮ. ಮಲೆನಾಡಿನ ಮಳೆಯಲ್ಲಿ ಚಾಕುವನ್ನು ಮರೆತು ಮಲಗುವ ಹುಡುಗರಿಗೆ ತುಕ್ಕು ಹಿಡಿಯದ ಉಕ್ಕೇ ಕ್ಷೇಮ. ಆದರೆ ತುಕ್ಕು ಹಿಡಿಯದ ಉಕ್ಕೆಲ್ಲ ಒಂದೇ ಅಲ್ಲ. ನಮ್ಮ ಅಡಿಗೆಮನೆಯ ಪಾತ್ರೆಗಳ ಉಕ್ಕು ಬಹುಮಟ್ಟಿಗೆ ಕಾಯಿಸಿ ಅದ್ದಿದರೆ ಗಡುಸಾಗದ ಜಾತಿಯದು. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಹದಕ್ಕೆ ಬರುವ ಚಾಕುವಿನ ಉಕ್ಕಿಗೆ ಅಂಟುತ್ತದೆ. ಅಯಸ್ಕಾಂತ ಅಂಟಿದ ಮಾತ್ರಕ್ಕೆ ಚಾಕು ಒಳ್ಳೆಯದೆನ್ನಲಾಗದು. ಅಂಟದಿದ್ದರೆ ಮಾತ್ರ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಬಹುದು.

ಬೆಲೆ ಕಡಿಮೆಯಿದ್ದೂ ಈ ಗುಣಗಳೆಲ್ಲ ಇರುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಸ್ವೀಡನ್ ದೇಶದ ಮೊರಾ ಊರಿನ ಚಾಕುವೇ ಸಾಕ್ಷಿ. ಉತ್ತರ ಅಮೆರಿಕದಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದ ಎರಿಕ್ ಎರ್ಸನ್ ಎಂಬಾತನು 1891ರಲ್ಲಿ ಅಲ್ಲಿ ಮರದ ದಿಮ್ಮಿ ಎಳೆಯುವ ಜಾರುಬಂಡಿಗಳ ಕಾರ್ಖಾನೆ ತೆರೆದನು. ಬಂಡಿ ಮಾಡುವವರಿಗೆ ಚಾಕುಗಳು ಬೇಕಾದವು. ಅವನ್ನು ಮಾಡಲು ಪಕ್ಕದಲ್ಲೊಂದು ಕುಲುಮೆ ಎದ್ದಿತು. ಕಾಲಕ್ರಮದಲ್ಲಿ ಬಂಡಿಯ ಕಾರ್ಖಾನೆಗಿಂತ ಕುಲುಮೆಯ ಹೆಸರೇ ಲೋಕಕ್ಕೆಲ್ಲ ಹಬ್ಬಿತು. ಇಂದು ಮೊರಾಕ್ನಿವ್ ಎಂಬ ಹೆಸರಿನಲ್ಲಿ ಬರುವ 'ಕಂಪ್ಯಾನಿಯನ್' ಎಂಬ ಚಾಕುವಿಗೆ ಸುಮಾರು 10 ಸೆಂಟಿಮೀಟರಿನ ಅಲಗು, ಕೈಗೆ ಕಚ್ಚಿ ಕೂರುವ ರಬ್ಬರಿನ ಹೊದಿಕೆಯ ಹಿಡಿ, ಪ್ಲಾಸ್ಟಿಕ್ ಒರೆ; ಅಮೆರಿಕದಲ್ಲಿ ಅದರ ಬೆಲೆ 20 ಡಾಲರಿನ ಆಸುಪಾಸು. ನೋಡಲು ಬಡಗಿಯ ಪೆಟ್ಟಿಗೆಯಿಂದ ಎದ್ದುಬಂದಂತಿದೆ, ಅಲಂಕಾರವೆಂಬುದಿಲ್ಲ. ಅಲಗಿನ ಎರಡು ಪಕ್ಕದ ಇಳಿಜಾರು ಅಗಲವಾಗಿರುವುದರಿಂದ ಸಾಣೆಕಲ್ಲಿನ ಮೇಲೆ ಅದು ತಾನಾಗಿಯೇ ಸಮವಾಗಿ ಕೂರುತ್ತದೆ; ಹೊಸಬನೂ ಒಂದು ಗಂಟೆಯಲ್ಲಿ ಮಸೆಯಲು ಕಲಿಯಬಹುದು. ಖರ್ಚೆಲ್ಲ ಉಕ್ಕಿಗೆ ಮತ್ತು ಹದಕ್ಕೆ ಸಂದಿದೆ, ವೇಷಕ್ಕೆ ಸಂದಿಲ್ಲ. ಅಗ್ಗದ ಒಳ್ಳೆಯ ಚಾಕುವಿನ ಲಕ್ಷಣ ಇಷ್ಟೇ.

ಇಲ್ಲಿ ಕೊಂಡರೆ ಸಾಗಣೆ, ಸುಂಕಗಳ ಭಾರ ಸೇರುತ್ತದೆ. ಅದು ಹೊರೆಯೆನಿಸಿದರೆ ಹಳ್ಳಿಯ ಕಮ್ಮಾರನ ಕುಲುಮೆಯನ್ನು ಮರೆಯಬೇಡಿ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿರುವ ಉಕ್ಕು ಹದಕ್ಕೆ ಬರುವಂಥದು. ಮಚ್ಚು, ಕತ್ತಿಗಳಿಗೆ ಅದನ್ನೇ ಬಳಸುವವರುಂಟು. ಬೇಕಾದ ಅಳತೆಯನ್ನು ಕಾಗದದಲ್ಲಿ ಬರೆದು ತೋರಿಸಿ, "ಅಲಗು ತೆಳ್ಳಗಿರಲಿ, ಹದ ಚೆನ್ನಾಗಿರಲಿ" ಎಂದು ಹೇಳಿ ಮಾಡಿಸಿಕೊಂಡ ಚಾಕು ಅಂಗಡಿಯ ಥಳಕಿನ ಚಾಕುವಿಗಿಂತ ಹಲವು ಪಾಲು ಮೇಲು.

ಒರೆಯನ್ನು ಜನ ಕಡೆಗಣಿಸುತ್ತಾರೆ. ಚಾಕು ತನ್ನ ಬಾಳಿನ ಬಹುಭಾಗವನ್ನು ಕಳೆಯುವುದು ಒರೆಯಲ್ಲಿಯೇ. ಚಾಕು ಸಮೇತ ತಲೆಕೆಳಗೆ ಹಿಡಿದು ಮೆಲ್ಲನೆ ಅಲುಗಿಸಿದರೂ ಅದು ಜಾರಬಾರದು. ತಳದಲ್ಲಿ ನೀರು ಬಸಿಯಲು ಸಣ್ಣ ತೂತಿರಬೇಕು. ಚರ್ಮದ ಒರೆ ಚೆಂದವೇ. ಆದರೆ ನೆನೆದರೆ ತೇವ ಹಿಡಿದಿಟ್ಟುಕೊಂಡು ಸಾದಾ ಉಕ್ಕಿಗೆ ತುಕ್ಕು ತರುತ್ತದೆ. ಹಿಡಿಯ ಮುಂತುದಿಯಲ್ಲಿ, ಒದ್ದೆ ಕೈ ಅಲಗಿನ ಮೇಲೆ ಜಾರದಂತೆ ತಡೆಯುವ ಸಣ್ಣ ಉಬ್ಬು ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಚಾಕು ಕೊಂಡರೆ ಸಾಲದು. ಅದನ್ನು ಎಲ್ಲಿಗೆ ಒಯ್ಯಬಾರದು ಎಂಬುದನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಆಯುಧ' ಎಂಬ ಮಾತಿನ ವಿವರಣೆಯೊಳಗೆ ಚಾಕುವೂ ಸೇರಿದೆ. ಅಭಯಾರಣ್ಯವನ್ನು ಆಯುಧದೊಡನೆ ಪ್ರವೇಶಿಸಲು ಅಧಿಕಾರಿಗಳ ಲಿಖಿತ ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮ. ಕುಮಾರಪರ್ವತವಿರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ; ಕುದುರೆಮುಖವಂತೂ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಹೋಗುವುದಾದರೆ ತರಕಾರಿಯನ್ನು ಮನೆಯಲ್ಲಿಯೇ ಹೆಚ್ಚಿಕೊಂಡು ಹೋಗುವುದು ಜಾಣತನ. ತೋಟದ ಅಂಚಿನಲ್ಲೋ ಸ್ನೇಹಿತರ ಜಮೀನಿನಲ್ಲೋ ಗುಡಾರ ಹಾಕುವವರಿಗೆ ಈ ತೊಡಕಿಲ್ಲ. 2016ರ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು, ಮನೆ, ಬೇಸಾಯ ಮೊದಲಾದ ಕೆಲಸಗಳಿಗೆಂದೇ ಮಾಡಿದವನ್ನು ಬಿಟ್ಟು, ಆಯುಧಗಳ ಪಟ್ಟಿಗೆ ಸೇರಿಸಿವೆ. ನಮ್ಮ 4 ಅಂಗುಲದ ಚಾಕು ಆ ಅಳತೆಗೆ ಎಷ್ಟೋ ಕೆಳಗಿದೆ. ಆದರೂ ಪೇಟೆಯಲ್ಲಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದು ವಿವೇಕವಲ್ಲ. ಊರು ದಾಟುವವರೆಗೂ ಅದು ಚೀಲದ ತಳದಲ್ಲಿರಲಿ. ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಲೇಬಾರದು.

ಕೊನೆಯದಾಗಿ, ತಂದೆಯ ಭಯದ ಮಾತು. ಸ್ವೀಡನ್ನಿನ ಶಾಲೆಗಳಲ್ಲಿ 'ಸ್ಲಾಯ್ಡ್' ಎಂಬ ಕೈಕೆಲಸದ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯ. ಮರ ಕೆತ್ತುವ ಉಪಕರಣಗಳನ್ನು ಅಲ್ಲಿನ ಮಕ್ಕಳು ಗುರುಗಳ ಎದುರಿನಲ್ಲಿಯೇ ಹಿಡಿದು ಕಲಿಯುತ್ತಾರೆ. ನಮ್ಮಲ್ಲಿ ಚಾಕು ಕಂಡೊಡನೆ "ಮುಟ್ಟಬೇಡ" ಎನ್ನುತ್ತೇವೆ. ಇಪ್ಪತ್ತು ವರ್ಷ ಮುಟ್ಟದವನು ಒಂದು ದಿನ ಕಾಡಿನಲ್ಲಿ, ದೊಡ್ಡವರಿಲ್ಲದ ಕಡೆ, ಮೊದಲ ಬಾರಿಗೆ ಮುಟ್ಟುತ್ತಾನೆ. ಅಪಾಯವಿರುವುದು ಅಲ್ಲಿ. ಕಲಿಸಬೇಕಾದುದು ಬಹಳವೇನೂ ಇಲ್ಲ. ಅಲಗು ಸದಾ ಮೈಯಿಂದ ಆಚೆಗೆ ಓಡಲಿ. ತೊಡೆಯ ಮೇಲಿಟ್ಟು ಏನನ್ನೂ ಕೆತ್ತಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ. ಒಂದು ತೋಳಿನ ದೂರದೊಳಗೆ ಯಾರೂ ಇರಬಾರದು. ಕೈ ಜಾರಿ ಬೀಳುವ ಚಾಕುವನ್ನು ಹಿಡಿಯಲು ಹೋಗಬಾರದು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜಗಳವಾದೀತೆಂಬುದು ಅವರು ಕೊಡುತ್ತಿದ್ದ ಕಾರಣ, ಜಗಳವಾಗದಿದ್ದರೂ ಗಾಯವಾದೀತು. ಆ ಸಂಪ್ರದಾಯವನ್ನು ಉಳಿಸಿಕೊಳ್ಳುವುದೇ ಮೇಲು. ಮೊಂಡು ಚಾಕು ನಿರಪಾಯವೆಂಬ ಭ್ರಮೆಯೂ ಬೇಡ. ಮೊಂಡು ಅಲಗಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಕೈ ಜಾರಿದರೆ ಗಾಯ ಆಳವಾಗುತ್ತದೆ.

ಆದುದರಿಂದ ಪತ್ರ ಬರೆದ ಮಿತ್ರರಿಗೆ ನನ್ನ ಸಲಹೆ: ಕೊಡಿಸಿ. ಚಾಕುವಿಗೆಂದು ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಉಳಿಸಿ ಒಂದು ಸಾಣೆಕಲ್ಲನ್ನೂ ಗಾಯಕ್ಕೆ ಕಟ್ಟುವ ಪಟ್ಟಿಯನ್ನೂ ಕೊಳ್ಳಿ. ಹೊರಡುವ ದಿನದವರೆಗೆ ಅದನ್ನು ಬೀರುವಿನಲ್ಲಿ ಬಚ್ಚಿಡಬೇಡಿ. ಎರಡು ಭಾನುವಾರ ನಿಮ್ಮ ಅಡಿಗೆಮನೆಯ ತರಕಾರಿಯನ್ನು ಮಗನೇ ಆ ಚಾಕುವಿನಿಂದ ಹೆಚ್ಚಲಿ, ತಾನೇ ತೊಳೆದು, ಒರಸಿ, ಮಸೆದು ಒರೆಗೆ ಸೇರಿಸಲಿ. ಆಗ ಮನೆಯಾಕೆಗೂ ಒಂದಿಷ್ಟು ಬಿಡುವು ದೊರೆಯುತ್ತದೆ; ಮೂರು ರಾತ್ರಿ ನಿಮಗೂ ನಿದ್ದೆ ಬರುತ್ತದೆ.