ಕಲ್ಯಾಣದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು

ಆದರ್ಶ ರಾಜ್ಯವನ್ನು ಕಲ್ಪಿಸಿ ಕಥೆ ಹೇಳುವ ಪದ್ಧತಿಗೆ ಪಶ್ಚಿಮದಲ್ಲಿ ಮಾದರಿಯಾದುದು 1516ರಲ್ಲಿ ಥಾಮಸ್ ಮೋರನು ಪ್ರಕಟಿಸಿದ 'ಯುಟೋಪಿಯ'. ಎಲ್ಲಿಯೂ ಇಲ್ಲದ ಊರು ಎಂಬುದೇ ಆ ಹೆಸರಿನ ಅರ್ಥ. ದೂರದ ದ್ವೀಪ, ಅಲ್ಲಿ ವಾಸಿಸಿ ಬಂದ ಪ್ರವಾಸಿ, ಅವನ ವರ್ಣನೆಗೆ ಕಿವಿಗೊಟ್ಟ ಶ್ರೋತೃಗಳು: ಮುಂದಿನ ಕಥೆಗಾರರು ಬಹುಮಟ್ಟಿಗೆ ಈ ಚೌಕಟ್ಟನ್ನೇ ಹಿಡಿದರು. ಅತಿಥಿಯು ಕೇಳುತ್ತಾನೆ, ಊರಿನವರು ವಿವರಿಸುತ್ತಾರೆ, ಊರಿಗೆ ಕೇಡೆಂಬುದಿಲ್ಲ.

ಬೀದರ ಜಿಲ್ಲೆಯ ವಾಚಕರಾದರೋ ಇಂಥ ಊರನ್ನರಸಿ ಹಡಗು ಹತ್ತಬೇಕಾಗಿಲ್ಲ. ನೆರೆಯ ಬಸವಕಲ್ಯಾಣವೇ ಅವರ ಆದರ್ಶ ನಗರಿ. 12ನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು 'ಶೂನ್ಯಸಂಪಾದನೆ'ಯನ್ನು ರಚಿಸಿದರು. ಅನಂತರ ಮೂವರು ಅದನ್ನು ಪರಿಷ್ಕರಿಸಿದರು. ಅದರಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು ಎಂಬ ಚರ್ಚೆ ಪಂಡಿತರಿಗಿರಲಿ. ಅದರ ಕಥನಕ್ರಮವು ಮೋರನದಕ್ಕೆ ತೀರ ವಿಪರೀತವಾದುದು. ಇಲ್ಲಿ ಬಂದವರೇ ಪರೀಕ್ಷೆಗೆ ಒಳಗಾಗುತ್ತಾರೆ. ಅಕ್ಕಮಹಾದೇವಿಯು ಬಂದಾಗ, ಸೀರೆಯನ್ನು ತೊರೆದವಳಿಗೆ ಕೂದಲಿನ ಮರೆಯೇಕೆ ಎಂದು ಅಲ್ಲಮಪ್ರಭುವು ಪ್ರಶ್ನಿಸುತ್ತಾನೆ. ಊರಿನವರಿಗೂ ವಿನಾಯಿತಿಯಿಲ್ಲ. ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯವನ್ನು ಮೀರಿ ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನು ಅವನನ್ನು ತರಾಟೆಗೆ ತೆಗೆದುಕೊಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳುತ್ತಾಳೆ. ಮೋರನ ದ್ವೀಪದಲ್ಲಿ ದಾಸರಿಗೆ ಚಿನ್ನದ ಸಂಕೋಲೆ ತೊಡಿಸುವರು. ಪ್ರವಾಸಿಯು ಅದನ್ನು ಮೆಚ್ಚಿಯೇ ವರ್ಣಿಸುತ್ತಾನೆ. ಅಲ್ಲೊಬ್ಬ ಲಕ್ಕಮ್ಮನಿದ್ದಿದ್ದರೆ!

ಇನ್ನೊಂದು ಭೇದವು ಇದಕ್ಕಿಂತ ದೊಡ್ಡದು. ನಮ್ಮ ಕಥೆಯಲ್ಲಿ ಊರು ಮುರಿದುಬೀಳುತ್ತದೆ. ಹರಳಯ್ಯ ಮಧುವರಸರ ಮಕ್ಕಳ ವಿವಾಹ, ಅದಕ್ಕಾಗಿ ಆ ತಂದೆಯರಿಗೆ ಮರಣದಂಡನೆ, ಬಿಜ್ಜಳನ ವಧೆ, ಶರಣರ ವಲಸೆ ಇವಿಲ್ಲದೆ ಕಲ್ಯಾಣದ ಕಥೆಯಿಲ್ಲ. ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಈ ಕ್ಷೋಭೆಯನ್ನೇ ರಂಗಕ್ಕೆ ತಂದವು. ಆದರೆ ಜಯಂತಿಯ ಭಾಷಣಗಳಲ್ಲಿಯೂ ಮಕ್ಕಳ ನಾಟಕಗಳಲ್ಲಿಯೂ ಕಥೆಯು ಮಂಟಪದ ವೈಭವಕ್ಕೇ ನಿಲ್ಲುವುದನ್ನು ನಾವು ಕಾಣುತ್ತಿದ್ದೇವೆ. ಪ್ರಶ್ನೆಯೂ ಇಲ್ಲ, ಪತನವೂ ಇಲ್ಲ. ಹೀಗೆ ಹೇಳಿದ ಕಲ್ಯಾಣವು ಎಲ್ಲಿಯೂ ಇಲ್ಲದ ಊರೇ ಆಗುವುದು.

ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಅಧಿಪತಿಗಳಾದ ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬ ಕಥೆಯು ಇಲ್ಲಿ ಮನೆಮಾತಾಗಿದೆ. ಆ ಫಲಕವನ್ನು ಕಥೆಯಿಂದ ಕಿತ್ತರೆ ಉಳಿಯುವುದು ಬರಿಯ ಒಂದು ಶಾಲೆ. ಅಪಾಯವನ್ನು ಮರೆಮಾಚದೆ ಹೇಳುವುದರಿಂದಲೇ ಭಾಲ್ಕಿಯ ಜನ ಅದನ್ನು ನಂಬುತ್ತಾರೆ.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದರ ಗೋಡೆಗಳ ಮೇಲೆ ಶರಣರ ಕಥೆಯನ್ನು ಚಿತ್ರಿಸುವುದಾದರೆ, ಬಸವಣ್ಣನವರ ಪೀಠಕ್ಕಿರುವಷ್ಟೇ ಸ್ಥಳವು ಲಕ್ಕಮ್ಮನ ಅಕ್ಕಿಗೂ ಹರಳಯ್ಯನ ಮರಣಕ್ಕೂ ದೊರೆಯಬೇಕೆಂದು ನಾವು ಆಗ್ರಹಪೂರ್ವಕವಾಗಿ ಕೇಳುತ್ತೇವೆ. ಬೀದರ, ಭಾಲ್ಕಿ, ಔರಾದಗಳ ಶಾಲೆಗಳು ಅದಕ್ಕಾಗಿ ಕಾಯಬೇಕಾಗಿಲ್ಲ. ಬರುವ ಬಸವ ಜಯಂತಿಯ ನಾಟಕದಲ್ಲಿಯೇ ಕಡೆಯ ಅಂಕವನ್ನೂ ಆಡಿಸಬಹುದು.