ಮಾತೂ ಮದ್ದು, ಅದು ಗುಂಡ್ಲುಪೇಟೆಗೂ ಬರಲಿ

‘ನಿದ್ದ ಬರಾಕಿಲ್ಲ, ಯಾವ್ದೂ ಬ್ಯಾಡ ಅನ್ನಿಸ್ತದ’ ಎಂದು ಗುಂಡ್ಲುಪೇಟೆ ಕಡೆಯ ಹೆಂಗಸೊಬ್ಬಳು ಹೇಳಿಕೊಂಡರೆ ನಾವು ಮಾಡುವುದೇನು? ಒಬ್ಬರು ತಾಯಿತ ಕಟ್ಟಿಸುತ್ತಾರೆ, ಇನ್ನೊಬ್ಬರು ಹರಕೆ ಹೊರಿಸುತ್ತಾರೆ, ಮತ್ತೊಬ್ಬರು ಗ್ಲೂಕೋಸ್ ಹಾಕಿಸಿ ಕರೆತರುತ್ತಾರೆ. ‘ಈಮಾನ್ ಗಟ್ಟಿಯಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಉಪದೇಶಿಸುವವರೂ ಉಂಟು. ಆಕೆಯ ಮಾತನ್ನು ಪೂರ್ತಿ ಕೇಳುವವರು ಮಾತ್ರ ಇಲ್ಲ.

ಪ್ರಾರ್ಥನೆ ಸಮಾಧಾನ ಕೊಡುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಖಿನ್ನತೆ ಒಂದು ಕಾಯಿಲೆ. ಅದನ್ನು ನಂಬಿಕೆಯ ಕೊರತೆ ಎನ್ನುವುದು ಕ್ರೌರ್ಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ನಂಬಿ ಬಂದ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಹಾಕಿದ್ದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಕಾಯಿಲೆಯನ್ನು ಮುಚ್ಚಿಡುವ ನಮ್ಮ ನಾಚಿಕೆಯನ್ನು ಯಾವ ಕಾಯ್ದೆ ನಿಷೇಧಿಸಬೇಕು?

ಮಾತೂ ಚಿಕಿತ್ಸೆಯೇ ಎಂಬುದಕ್ಕೆ ಪುರಾವೆ ಬೇಕೆನ್ನುವವರು ನೆರೆಯ ಗೋವಾವನ್ನು ನೋಡಲಿ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರೊಡನೆ ಆರರಿಂದ ಎಂಟು ಬಾರಿ ಕ್ರಮಬದ್ಧವಾಗಿ ಮಾತನಾಡಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ತಿಂಗಳಲ್ಲಿ ಈ ಆಪ್ತಸಮಾಲೋಚನೆ ಪಡೆದ ನೂರರಲ್ಲಿ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ವೈದ್ಯರ ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಹೊರಬಂದವರು 39 ಜನ.

ಇದು ಬುದ್ಧಿವಾದವಲ್ಲ. ಬಿಟ್ಟುಹೋದ ಕೆಲಸಗಳಲ್ಲಿ ಒಂದನ್ನು ಆರಿಸಿ ಮತ್ತೆ ಶುರು ಮಾಡಿಸುವುದು, ಮನಸ್ಸು ಹೇಗಾಯಿತೆಂದು ಗುರುತಿಸುವುದು, ‘ನನ್ನಿಂದ ಏನೂ ಆಗದು’ ಎಂಬ ಯೋಚನೆಯನ್ನು ನಿಜವೇ ಎಂದು ಪರೀಕ್ಷಿಸುವುದು ಇದರ ದಾರಿ. ಸೌಮ್ಯ ಖಿನ್ನತೆಯಲ್ಲಿ ಇದನ್ನು ತಾವಾಗಿಯೂ ಅಭ್ಯಾಸ ಮಾಡಬಹುದು. ಕಾಯಿಲೆ ತೀವ್ರವಾಗಿದ್ದರೆ ವೈದ್ಯರೂ ಔಷಧಿಯೂ ಬೇಕೇ ಬೇಕು.

ನಮ್ಮ ತಕರಾರು ಸರ್ಕಾರದ ಮೇಲೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುವುದು ಜಿಲ್ಲಾ ಕೇಂದ್ರದಲ್ಲಿ. ಗುಂಡ್ಲುಪೇಟೆಯಿಂದ ಚಾಮರಾಜನಗರ ಸುಮಾರು 35 ಕಿಲೋಮೀಟರ್, ಕಾಡಂಚಿನ ಹಳ್ಳಿಗಳಿಗೆ ಇನ್ನೂ ದೂರ. ಗುಳಿಗೆಯಾದರೆ ತಿಂಗಳಿಗೊಮ್ಮೆ ತರಬಹುದು. ಮಾತಿನ ಚಿಕಿತ್ಸೆಗೆ ವಾರವಾರ ಹೋಗಬೇಕು. ಚೆಂಡುಹೂವಿನ ಹೊಲದ ಕೂಲಿಯವಳು ಎಂಟು ದಿನದ ಕೂಲಿ ಕಳೆದುಕೊಂಡು ಬಸ್ಸಿಗೂ ಹಣ ತರುವುದೆಲ್ಲಿಂದ? 2014ರಿಂದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರನ್ನು ಮಂಗಳವಾರ ತಾಲೂಕು ಆಸ್ಪತ್ರೆಗೆ ಕಳಿಸುವ ಕ್ರಮ ಬಂತು, ಸಂತೋಷ. ಆದರೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರೊಡನೆ ಅರ್ಧ ಗಂಟೆ ಮಾತಾಡಲು ಒಬ್ಬ ವೈದ್ಯನಿಂದ ಸಾಧ್ಯವೇ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದ, ಸಂಬಳವಿರುವ ಒಬ್ಬ ಸಮಾಲೋಚಕಿ ಇರಲಿ. ಈ ಹೊರೆಯನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಪುಕ್ಕಟೆಯಾಗಿ ಹೊರಿಸಬೇಡಿ. ಅಲ್ಲಿಯವರೆಗೆ ಟೆಲಿ ಮಾನಸ್‌ನ 14416 ಸಂಖ್ಯೆ ಮಸೀದಿ, ದೇವಸ್ಥಾನ, ಹಾಲಿನ ಡೇರಿಗಳ ಗೋಡೆಯ ಮೇಲೆ ಕಾಣಲಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ತಾಯಿತ ಕಟ್ಟಿಸಲು ಊರೂರು ಅಲೆಯುವ ನಾವು, ಆ ಹೆಂಗಸಿನ ಕೈಗೆ ಫೋನು ಕೊಟ್ಟು ಪಕ್ಕದಲ್ಲಿ ಕೂರಲಾರೆವೇ?